ತೊಡೆಯ ಮೇಲಿನ ಕೂಸು, ಹಿಂದಿನ ಸೀಟಿನ ಬೆಲ್ಟು

ಬೆಳಗಾವಿಯಲ್ಲಿ ಪಾಲಕರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪವಿದು. ಸಭೆಯಲ್ಲಿ ಬಂದ ಕೆಲವು ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನೂ ಕೊನೆಯಲ್ಲಿ ಸೇರಿಸಿದ್ದೇವೆ.

ನಮ್ಮ ಕಡೆ ಕಾರು ಊರಿಗೆ ಹೊರಟಾಗ ಕೂಸು ಎಲ್ಲಿರುತ್ತದೆ? ಮುಂದಿನ ಸೀಟಿನಲ್ಲಿ, ಅವ್ವನ ಇಲ್ಲವೇ ಅಜ್ಜಿಯ ತೊಡೆಯ ಮೇಲೆ. ಸವದತ್ತಿ ಎಲ್ಲಮ್ಮನ ಗುಡ್ಡಕ್ಕಿರಲಿ, ಬಾದಾಮಿ ಬನಶಂಕರಿ ಜಾತ್ರೆಗಿರಲಿ, ಬೈಲಹೊಂಗಲದ ತವರುಮನೆಗಿರಲಿ, ಜಾಗ ಅದೇ. ಅಲ್ಲಿ ಎಸಿ ಗಾಳಿ ಸಿಗುತ್ತದೆ, ರಸ್ತೆ ಕಾಣುತ್ತದೆ, ಕೂಸು ಸುಮ್ಮನಿರುತ್ತದೆ. ಅಕ್ಕರೆಯಿಂದ ಆರಿಸಿದ ಜಾಗವೇ ಅದು. ಆದರೆ ಕಾರಿನೊಳಗೆ ಮಗುವಿಗೆ ಅದಕ್ಕಿಂತ ಅಪಾಯದ ಜಾಗ ಇನ್ನೊಂದಿಲ್ಲ. ಆ ಕೂಸನ್ನು ತೊಡೆಯಿಂದ ಇಳಿಸಿ, ಹಿಂದಿನ ಸೀಟಿನಲ್ಲಿ ಅದರ ಮೈಗೆ ಒಪ್ಪುವ ಪಟ್ಟಿಯೊಳಗೆ ಕೂಡಿಸುವುದು ಹೇಗೆ ಎಂಬುದಷ್ಟೇ ಇವತ್ತಿನ ವಿಷಯ.

ಮೊದಲು ಕಾಯ್ದೆ ನೋಡೋಣ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿಯಾಗಿ 194ಬಿ ಎಂಬ ಹೊಸ ಕಲಮು ಸೇರಿತು. ಅದೇ ವರ್ಷದ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿದೆ. ಅದರಲ್ಲಿ ಎರಡು ಭಾಗಗಳಿವೆ. ಚಾಲಕ ಬೆಲ್ಟ್ ಹಾಕದಿದ್ದರೆ ಅಥವಾ ಬೆಲ್ಟ್ ಹಾಕದ ಪ್ರಯಾಣಿಕರನ್ನು ಕರೆದೊಯ್ದರೆ 1000 ರೂಪಾಯಿ ದಂಡ. 14 ವರ್ಷ ತುಂಬದ ಮಗುವನ್ನು ಬೆಲ್ಟ್ ಅಥವಾ ಮಕ್ಕಳ ಸೀಟಿನಿಂದ (ಕಾರಿನ ಸೀಟಿನ ಮೇಲೆ ಬಿಗಿಯುವ, ಮಗುವಿನ ಅಳತೆಯ ಸಣ್ಣ ಸೀಟು) ಭದ್ರಪಡಿಸದೆ ಗಾಡಿ ಓಡಿಸಿದರೆ, ಓಡಿಸಲು ಬಿಟ್ಟರೆ, ಅದಕ್ಕೂ 1000 ರೂಪಾಯಿ. ಹೊಣೆ ಮಗುವಿನದಲ್ಲ, ಗಾಡಿ ಓಡಿಸುವವರದು. ಹಿಂದಿನ ಸೀಟಿಗೂ ಇದು ಅನ್ವಯಿಸುತ್ತದೆ. 2022ರ ಸೆಪ್ಟೆಂಬರ್ 4ರಂದು ಮಹಾರಾಷ್ಟ್ರದ ಪಾಲ್ಘರ್ ಬಳಿ ಉದ್ಯಮಿ ಸೈರಸ್ ಮಿಸ್ತ್ರಿ ಅವರು ತೀರಿಕೊಂಡ ಅಪಘಾತದಲ್ಲಿ ಹಿಂದಿನ ಸೀಟಿನ ಬೆಲ್ಟ್ ಹಾಕಿರಲಿಲ್ಲ ಎಂಬುದು ಗೊತ್ತಾದ ಮೇಲೆಯೇ ಎಷ್ಟೋ ಜನರಿಗೆ ಹಿಂದೆಯೂ ಬೆಲ್ಟ್ ಕಡ್ಡಾಯ ಎನ್ನುವುದು ತಿಳಿಯಿತು. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಲ್ಲಿ 2022ರಲ್ಲಿ ಬೆಲ್ಟ್ ಹಾಕದೆ ಸತ್ತವರು 16,715 ಮಂದಿ. ಅವರಲ್ಲಿ ಸರಿಸುಮಾರು ಅರ್ಧದಷ್ಟು ಜನ ಚಾಲಕರಲ್ಲ, ಪ್ರಯಾಣಿಕರು.

ಈ ಕಲಮಿನಲ್ಲಿ ಒಂದು ಕೊರತೆ ಇದೆ. ‘ಬೆಲ್ಟ್ ಅಥವಾ ಮಕ್ಕಳ ಸೀಟು’ ಎಂದಿದೆಯೇ ಹೊರತು ಯಾವ ಎತ್ತರಕ್ಕೆ ಯಾವುದು ಎಂದು ಅದು ಬಿಡಿಸಿ ಹೇಳುವುದಿಲ್ಲ. ಎರಡು ವರ್ಷದ ಮಗುವಿಗೆ ದೊಡ್ಡವರ ಬೆಲ್ಟ್ ಸುತ್ತಿದರೆ ದಂಡ ತಪ್ಪೀತು, ಪೆಟ್ಟು ತಪ್ಪುವುದಿಲ್ಲ. ಬ್ರಿಟನ್ನಿನಲ್ಲಿ 12 ವರ್ಷ ಅಥವಾ 135 ಸೆಂ.ಮೀ., ಎರಡರಲ್ಲಿ ಯಾವುದು ಮೊದಲು ಬರುತ್ತದೋ ಅಲ್ಲಿಯವರೆಗೆ ಮಕ್ಕಳ ಸೀಟು ಬೇಕೆಂಬ ನಿಯಮವಿದೆ. ನಮ್ಮಲ್ಲಿ ಆ ಅಳತೆ ಪಾಲಕರ ತಲೆಯಲ್ಲಿರಬೇಕು.

ತೊಡೆಯ ಮಾತು ಬೇರೆ ಕಡೆಯೂ ಬಂದಿತ್ತು. ಅಮೆರಿಕದಲ್ಲಿ ಮಕ್ಕಳ ಸೀಟನ್ನು ಕಡ್ಡಾಯ ಮಾಡಿದ ಮೊದಲ ರಾಜ್ಯ ಟೆನೆಸ್ಸೀ. ರಾಬರ್ಟ್ ಸ್ಯಾಂಡರ್ಸ್ ಎಂಬ ಮಕ್ಕಳ ವೈದ್ಯರು ಬೆನ್ನು ಹತ್ತಿ ಮಾಡಿಸಿದ ಆ ಕಾಯ್ದೆ 1977ರಲ್ಲಿ ಅಂಗೀಕಾರವಾಗಿ 1978ರ ಜನವರಿಯಿಂದ ಜಾರಿಗೆ ಬಂತು. ಆದರೆ ದೊಡ್ಡವರು ಕೂಸನ್ನು ತೋಳಿನಲ್ಲಿ ಹಿಡಿದು ಕೂತರೆ ನಡೆಯುತ್ತದೆ ಎಂಬ ವಿನಾಯಿತಿ ಅದರೊಳಗೆ ಸೇರಿಕೊಂಡಿತ್ತು. ಅದನ್ನು ತೆಗೆದುಹಾಕಲು 1981ರವರೆಗೆ ಹೋರಾಡಬೇಕಾಯಿತು. ತಾಯಿಯ ತೋಳಿಗಿಂತ ಗಟ್ಟಿ ಯಾವುದಿದೆ ಎಂಬ ನಂಬಿಕೆ ಅಲ್ಲಿಯೂ ಅಷ್ಟೇ ಬಲವಾಗಿತ್ತು.

ಆ ನಂಬಿಕೆ ಯಾಕೆ ನಿಲ್ಲುವುದಿಲ್ಲ ಎನ್ನುವುದಕ್ಕೆ ಸಣ್ಣ ಲೆಕ್ಕ ಸಾಕು. ಗಂಟೆಗೆ 50 ಕಿ.ಮೀ. ವೇಗ ಎಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ಆ ವೇಗದಲ್ಲಿರುವ ಗಾಡಿ ಏನಕ್ಕಾದರೂ ಬಡಿದು ಸೆಕೆಂಡಿನ ಹತ್ತರಲ್ಲಿ ಒಂದು ಭಾಗದಲ್ಲಿ ನಿಂತರೆ, 10 ಕಿಲೋ ಕೂಸನ್ನು ಹಿಡಿದಿಡಲು 140 ಕಿಲೋ ಎತ್ತುವಷ್ಟು ಬಲ ಬೇಕು. ಅದರ ಅರ್ಧ ಹೊತ್ತಿನಲ್ಲಿ ನಿಂತರೆ 280 ಕಿಲೋ. ಒಂದೂವರೆ ಕ್ವಿಂಟಲ್ಲಿನಿಂದ ಮೂರು ಕ್ವಿಂಟಲ್ಲಿನವರೆಗಿನ ತೂಕವನ್ನು, ಮುನ್ಸೂಚನೆಯಿಲ್ಲದೆ, ರೆಪ್ಪೆ ಬಡಿಯುವುದರೊಳಗೆ ಯಾವ ತೋಳೂ ತಡೆಯಲಾರದು. ಇನ್ನೂ ಕೆಟ್ಟದ್ದು, ಹಿಡಿದವರು ತಾವೇ ಬೆಲ್ಟ್ ಹಾಕಿರದಿದ್ದರೆ ಅವರ 60 ಕಿಲೋ ಮೈ ಕೂಸಿನ ಬೆನ್ನ ಮೇಲೆ ಬಂದು ಅದನ್ನು ಡ್ಯಾಶ್‌ಬೋರ್ಡಿಗೆ ಅಪ್ಪಳಿಸುತ್ತದೆ. ಹಿಡಿದವರೂ ಕೂಸೂ ಸೇರಿ ಒಂದೇ ಬೆಲ್ಟ್ ಹಾಕಿಕೊಂಡರೆ ಪಟ್ಟಿಗೂ ದೊಡ್ಡವರ ಮೈಗೂ ನಡುವೆ ಸಿಕ್ಕುವುದು ಕೂಸೇ. ಅದರ ಮೇಲೆ ಏರ್‌ಬ್ಯಾಗು. ಅದು ಉಬ್ಬಲು ಸೆಕೆಂಡಿನ ನೂರರಲ್ಲಿ ಮೂರ್ನಾಲ್ಕು ಭಾಗ ಸಾಕು. ಬೆಲ್ಟ್ ಹಾಕಿ ಹಿಂದಕ್ಕೆ ಸರಿದು ಕೂತ ದೊಡ್ಡವರ ಎದೆಯ ಅಳತೆಗೆ ಮಾಡಿದ್ದು ಅದು. ಡ್ಯಾಶ್‌ಬೋರ್ಡಿಗೆ ಗೇಣು ದೂರದಲ್ಲಿರುವ ಕೂಸಿನ ತಲೆಗೆ ಅದೇ ಮಾರಕ.

ಅಪಘಾತ ಎಂದರೆ ಹೆದ್ದಾರಿಯ ಡಿಕ್ಕಿಯೇ ಆಗಬೇಕಿಲ್ಲ. ನವೆಂಬರಿನಿಂದ ಮಾರ್ಚಿನವರೆಗೆ ಮುಧೋಳ, ಜಮಖಂಡಿ, ಅಥಣಿ, ಗೋಕಾಕ ಕಡೆಯ ರಸ್ತೆಗಳಲ್ಲಿ ಹಿಂದೆ ದೀಪವಿಲ್ಲದ ಜೋಡಿ ಟ್ರೇಲರಿನ ಕಬ್ಬಿನ ಟ್ರ್ಯಾಕ್ಟರುಗಳು ಕತ್ತಲಲ್ಲಿ ದಿಢೀರನೆ ಎದುರಾಗುತ್ತವೆ. ಒಂದು ಜೋರು ಬ್ರೇಕಿಗೇ ಸೀಟಿನ ನಡುವೆ ನಿಂತ ಮಗು ಗೇರಿನ ಮೇಲೆ ಬೀಳುತ್ತದೆ. ‘ಇಲ್ಲೇ ಐತಿ, ಎರಡ ಕಿಲೋಮೀಟರ್’ ಎನ್ನುವ ಮಾತಿಗೆ ಅರ್ಥವಿಲ್ಲ.

ಮಗುವಿನ ಮೈ ದೊಡ್ಡವರ ಮೈಯ ಸಣ್ಣ ಪ್ರತಿಯಲ್ಲ. ಹುಟ್ಟಿದ ಕೂಸಿನ ತಲೆ ಒಟ್ಟು ಉದ್ದದ ಕಾಲು ಭಾಗದಷ್ಟಿರುತ್ತದೆ. ಕತ್ತಿನ ಮೂಳೆಗಳು ಇನ್ನೂ ಪೂರ್ತಿ ಮೂಳೆಯಾಗಿರುವುದಿಲ್ಲ, ಬಹುಪಾಲು ಮೃದ್ವಸ್ಥಿ. ಮುಂದೆ ಮುಖ ಮಾಡಿ ಕೂತಾಗ ಡಿಕ್ಕಿಯಾದರೆ ಭುಜವನ್ನು ಪಟ್ಟಿ ಹಿಡಿಯುತ್ತದೆ, ತಲೆ ಮುಂದಕ್ಕೆ ಹೋಗುತ್ತದೆ, ಇಡೀ ಎಳೆತ ಕತ್ತಿನ ಮೇಲೆ ಬೀಳುತ್ತದೆ. ಹಿಂದೆ ಮುಖ ಮಾಡಿ ಕೂಡಿಸಿದರೆ ತಲೆ, ಕತ್ತು, ಬೆನ್ನು ಮೂರೂ ಒಟ್ಟಿಗೆ ಸೀಟಿನ ಬೆನ್ನಿಗೆ ಒತ್ತಿಕೊಂಡು ಬಲ ಹಂಚಿಹೋಗುತ್ತದೆ. ಎಳೆಯ ಕೂಸಿನ ಸೀಟು ಹಿಂದಕ್ಕೆ ಮುಖ ಮಾಡಿರುವುದು ಇದಕ್ಕೇ. ಸೊಂಟದ್ದು ಇನ್ನೊಂದು ತೊಡಕು. ಬೆಲ್ಟಿನ ಕೆಳಪಟ್ಟಿ ನಿಲ್ಲುವುದು ಸೊಂಟದ ಮೂಳೆಯ ಮುಂಚಾಚಿನ ಮೇಲೆ. ಸಣ್ಣ ಮಕ್ಕಳಲ್ಲಿ ಆ ಚಾಚು ಇನ್ನೂ ಬೆಳೆದಿರುವುದಿಲ್ಲ. ಪಟ್ಟಿ ಹೊಟ್ಟೆಗೆ ಜಾರಿ ಕರುಳು, ಬೆನ್ನುಮೂಳೆಗೆ ಪೆಟ್ಟು ಮಾಡುತ್ತದೆ.

ಹಾಗಾದರೆ ಯಾವ ಸೀಟು? ನಮ್ಮ ದೇಶದ ಮಾನದಂಡ ಎಐಎಸ್-072. ಯುರೋಪಿನ ಹಳೆಯದು ಆರ್44, ಹೊಸದು ಆರ್129. ಇವುಗಳಲ್ಲಿ ಒಂದರ ಮುದ್ರೆ ಸೀಟಿನ ಮೇಲಿಲ್ಲದಿದ್ದರೆ ಕೊಳ್ಳಬೇಡಿ. ಎಷ್ಟು ಮೆತ್ತಗಿದ್ದರೂ ಅದು ಕುರ್ಚಿಯಷ್ಟೇ. ಆರ್44ರಲ್ಲಿ ತೂಕದ ಮೇಲೆ ಗುಂಪುಗಳಿವೆ: 13 ಕಿಲೋವರೆಗಿನ ಕೂಸಿಗೆ ಒಂದು, 9ರಿಂದ 18 ಕಿಲೋಗೆ ಒಂದು, 15ರಿಂದ 25, ಆಮೇಲೆ 22ರಿಂದ 36. ಆರ್129 ಮಗುವಿನ ಎತ್ತರ ನೋಡುತ್ತದೆ ಮತ್ತು ಕನಿಷ್ಠ 15 ತಿಂಗಳವರೆಗೆ ಹಿಂಬದಿ ಮುಖವೇ ಬೇಕೆನ್ನುತ್ತದೆ. 15 ತಿಂಗಳು ಎಂಬುದು ಕನಿಷ್ಠ. ಸೀಟಿನ ಮಿತಿ ಮುಗಿಯುವವರೆಗೆ ಹಾಗೆಯೇ ಇರಿಸುವುದು ಒಳ್ಳೆಯದು. ಕಾಲು ಮಡಚಿಕೊಂಡರೆ ಪಾಪ ಎನ್ನುತ್ತಾರೆ. ಮಕ್ಕಳಿಗೆ ಅದು ಕಷ್ಟವಲ್ಲ, ಚಕ್ಕಳಮಕ್ಕಳ ಹಾಕಿ ಕೂರುತ್ತವೆ. ನೆತ್ತಿಗೂ ಸೀಟಿನ ಮೇಲಂಚಿಗೂ ನಡುವೆ 2.5 ಸೆಂ.ಮೀ.ಗಿಂತ ಕಡಿಮೆ ಉಳಿದಾಗ ಆ ಸೀಟು ಚಿಕ್ಕದಾಯಿತೆಂದು ತಿಳಿಯಿರಿ.

ಸೀಟು ಕೊಂಡರೆ ಅರ್ಧ ಕೆಲಸ. ಉಳಿದರ್ಧ ಅದನ್ನು ಬಿಗಿಯುವುದು, ತಪ್ಪುಗಳೆಲ್ಲ ಆಗುವುದು ಅಲ್ಲಿ. ಬೆಲ್ಟಿನಿಂದ ಬಿಗಿಯುವ ಸೀಟಿನಲ್ಲಿ ಬೆಲ್ಟ್ ಹಾಯಬೇಕಾದ ದಾರಿಗೆ ಬಣ್ಣದ ಗುರುತಿರುತ್ತದೆ: ಹಿಂದೆ ಮುಖ ಮಾಡಿದ್ದಕ್ಕೆ ನೀಲಿ, ಮುಂದೆ ಮುಖ ಮಾಡಿದ್ದಕ್ಕೆ ಕೆಂಪು. ಬೆಲ್ಟನ್ನು ಪೂರ್ತಿ ಎಳೆದುಕೊಂಡು, ಎಲ್ಲೂ ತಿರುಚದಂತೆ ಆ ದಾರಿಯಲ್ಲೇ ಹಾಯಿಸಿ, ಬಕಲ್ ಹಾಕಿ. ಮೊಣಕಾಲಿನಿಂದ ಸೀಟನ್ನು ಕುಷನ್ನಿಗೆ ಒತ್ತಿ ಹಿಡಿದು ಮೊದಲು ಕೆಳಪಟ್ಟಿಯ ಸಡಿಲು, ಆಮೇಲೆ ಮೇಲ್ಪಟ್ಟಿಯ ಸಡಿಲು ಎಳೆಯಿರಿ. ಸೀಟಿಗೆ ಬೆಲ್ಟ್ ಕಚ್ಚುವ ಕ್ಲಿಪ್ ಇದ್ದರೆ ಅದನ್ನು ಮುಚ್ಚಿ. ಈಗ ಬೆಲ್ಟ್ ಹಾದಲ್ಲಿ ಕೈಯಿಟ್ಟು ಎಡಕ್ಕೆ ಬಲಕ್ಕೆ ಅಲ್ಲಾಡಿಸಿ. 2.5 ಸೆಂ.ಮೀ.ಗಿಂತ ಹೆಚ್ಚು ಸರಿದರೆ ಮತ್ತೆ ಮೊದಲಿನಿಂದ ಮಾಡಬೇಕು. ಅಲ್ಲಾಡಿಸುವುದು ಸೀಟಿನ ತಲೆ ಹಿಡಿದಲ್ಲ. ಅಲ್ಲಿ ಒಂದಿಷ್ಟು ಆಡುವುದು ಸಹಜ. ಕಾರಿನ ಬಕಲಿನ ದಂಟು ಉದ್ದವಿದ್ದು ಬಕಲ್ ಸೀಟಿನ ಪ್ಲಾಸ್ಟಿಕ್ ಅಂಚಿನ ಮೇಲೆ ಬಾಗಿ ಕೂತರೆ, ಡಿಕ್ಕಿಯ ಹೊತ್ತಿಗೆ ಅದು ಅಲ್ಲೇ ಮುರಿಯಬಹುದು. ಆ ಸೀಟು ಆ ಜಾಗಕ್ಕೆ ಹೊಂದುವುದಿಲ್ಲ. ಕೆಲವು ಕಾರುಗಳ ಹಿಂದಿನ ಬೆಲ್ಟ್ ಗಿಡ್ಡವಿದ್ದು ಕೂಸಿನ ಸೀಟನ್ನು ಸುತ್ತಿ ಬರುವುದೇ ಇಲ್ಲ. ಆದ್ದರಿಂದ ದುಡ್ಡು ಕೊಡುವ ಮೊದಲು ನಿಮ್ಮ ಕಾರಿನಲ್ಲೇ ಕಟ್ಟಿ ನೋಡಿ. ಆನ್‌ಲೈನಿನಲ್ಲಿ ತರಿಸಿದರೆ ವಾಪಸ್ ಮಾಡುವ ಗಡುವಿನೊಳಗೆ ಈ ಕೆಲಸ ಮುಗಿಸಿ.

ಐಸೋಫಿಕ್ಸ್, ಅಂದರೆ ಬೆಲ್ಟಿನ ಬದಲು ಕೊಕ್ಕೆಗಳಿಂದ ಸೀಟನ್ನು ನೇರ ಕಾರಿಗೇ ಕಚ್ಚಿಸುವ ಏರ್ಪಾಡು, ಇದ್ದರೆ ಕೆಲಸ ಹಗುರ. ಹಿಂದಿನ ಸೀಟಿನ ಬೆನ್ನು ಮತ್ತು ಕುಷನ್ ಕೂಡುವ ಸಂದಿಯಲ್ಲಿ ಬೆರಳಾಡಿಸಿದರೆ 6 ಮಿ.ಮೀ. ದಪ್ಪದ ಎರಡು ಕಬ್ಬಿಣದ ಸರಳು ಸಿಗುತ್ತವೆ, ನಡುವೆ 28 ಸೆಂ.ಮೀ. ಅಂತರ. ಸೀಟಿನ ಎರಡು ಕೊಕ್ಕೆಗಳು ಅಲ್ಲಿ ಸದ್ದು ಮಾಡಿ ಕಚ್ಚಿ ಹಸಿರು ಗುರುತು ತೋರಿಸಬೇಕು. ಬಹಳ ಜನ ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಮೂರನೆಯ ಹಿಡಿತ ಬೇಕೇ ಬೇಕು: ಸೀಟಿನ ಹಿಂದಿನಿಂದ ಬರುವ ಮೇಲಿನ ಪಟ್ಟಿ ಅಥವಾ ಮುಂದೆ ನೆಲಕ್ಕೂರುವ ಕಾಲು. ಅದಿಲ್ಲದಿದ್ದರೆ ಸೀಟು ಆ ಎರಡು ಸರಳುಗಳ ಸುತ್ತ ಮುಂದಕ್ಕೆ ಮಗುಚುತ್ತದೆ. ಮೇಲಿನ ಪಟ್ಟಿಯ ಕೊಂಡಿ ಹಿಂದಿನ ಸೀಟಿನ ಬೆನ್ನ ಹಿಂದೆ ಅಥವಾ ಕಾರಿನ ಹಿಂಭಾಗದಲ್ಲಿ ಸಾಮಾನಿಡುವ ಜಾಗದ ನೆಲದಲ್ಲಿರುತ್ತದೆ. ಲಗೇಜು ಕಟ್ಟುವ ಕೊಂಡಿಗೆ ಹಾಕಿದರೆ ಅದು ಕಿತ್ತುಬರುತ್ತದೆ. ಕಾರಿನ ಕೈಪಿಡಿಯಲ್ಲಿ ಚಿತ್ರವಿದೆ, ನೋಡಿಕೊಳ್ಳಿ. ಐಸೋಫಿಕ್ಸಿಗೆ ತೂಕದ ಮಿತಿಯೂ ಉಂಟು: ಸೀಟು, ಮಗು ಸೇರಿ ಸಾಮಾನ್ಯವಾಗಿ 33 ಕಿಲೋ.

ಇನ್ನು ಮೈಮೇಲಿನ ಪಟ್ಟಿ. ಹಿಂದೆ ಮುಖ ಮಾಡಿದ ಕೂಸಿಗೆ ಭುಜದ ಪಟ್ಟಿ ಹೊರಬರುವ ತೂತು ಭುಜದ ಮಟ್ಟಕ್ಕೆ ಅಥವಾ ತುಸು ಕೆಳಗೆ, ಮುಂದೆ ಮುಖ ಮಾಡಿದ ಮಗುವಿಗೆ ಭುಜದ ಮಟ್ಟಕ್ಕೆ ಅಥವಾ ತುಸು ಮೇಲೆ ಇರಬೇಕು. ಇದು ತಿರುವುಮುರುವಾದರೆ ಮಗು ಪಟ್ಟಿಯೊಳಗೇ ಜಾರುತ್ತದೆ. ಬಿಗಿ ಎಷ್ಟಿರಬೇಕೆಂದರೆ, ಭುಜದೆಲುಬಿನ ಮೇಲೆ ಪಟ್ಟಿಯನ್ನು ಎರಡು ಬೆರಳಿನಲ್ಲಿ ಚಿವುಟಲು ಹೋದರೆ ಮಡಿಕೆ ಸಿಗಬಾರದು. ಸಿಕ್ಕರೆ ಇನ್ನೂ ಎಳೆಯಿರಿ.

ಇಲ್ಲಿ ನಮ್ಮ ಬಟ್ಟೆಬರೆಯ ಪ್ರಶ್ನೆ ಬರುತ್ತದೆ. ಬಾಣಂತಿ, ಕೂಸು ಆಸ್ಪತ್ರೆಯಿಂದ ಮನೆಗೆ ಹೊರಟಾಗ ಕೂಸಿಗೆ ಕುಂಚಿಗೆ ಕಟ್ಟಿ, ಬಟ್ಟೆಯಲ್ಲಿ ಕಾಲುಸಮೇತ ಸುತ್ತಿರುತ್ತೇವೆ. ಹಾಗೆ ಸುತ್ತಿದ ಕೂಸಿಗೆ ಪಟ್ಟಿ ಹಾಕಲಾಗದು. ಒಂದು ಪಟ್ಟಿ ಎರಡು ಕಾಲಿನ ನಡುವಿನಿಂದ ಬರಲೇಬೇಕು, ತೋಳು ಪಟ್ಟಿಯ ಹೊರಗಿರಬೇಕು. ಬೆಳಗಾವಿಯ ಡಿಸೆಂಬರ್ ಚಳಿಗೆ ದಪ್ಪ ಸ್ವೆಟರ್ ಹಾಕಿ ಮೇಲೆ ಪಟ್ಟಿ ಬಿಗಿದರೆ ಬಿಗಿಯಾದಂತೆ ಕಾಣುತ್ತದೆ. ಡಿಕ್ಕಿಯಲ್ಲಿ ಉಣ್ಣೆ ಅಮುಕಿ ಅಷ್ಟೂ ಜಾಗ ಸಡಿಲಾಗುತ್ತದೆ. ತೆಳು ಬಟ್ಟೆ ಹಾಕಿ, ಪಟ್ಟಿ ಬಿಗಿದು, ಆಮೇಲೆ ಮೇಲಿನಿಂದ ಕೌದಿ ಹೊದಿಸಿ. ಕೌದಿ ಕೂಸಿನ ಕೆಳಗೆ ಬೇಡ, ಬೆನ್ನ ಹಿಂದೆಯೂ ಬೇಡ. ಎಳೆಗೂಸಿನ ಸೀಟು ಸುಮಾರು 45 ಡಿಗ್ರಿ ಒರಗಿರಬೇಕು. ನೆಟ್ಟಗಾದರೆ ಗದ್ದ ಎದೆಗೆ ತಾಗಿ ಉಸಿರು ಕಟ್ಟುತ್ತದೆ. ಎರಡು ಗಂಟೆಗಿಂತ ಹೆಚ್ಚು ಒಂದೇ ಸಮನೆ ಸೀಟಿನಲ್ಲಿ ಇಡಬೇಡಿ. ಬೆಳಗಾವಿಯಿಂದ ಬಾಗಲಕೋಟೆಗೆ ಹೋಗುವವರು ಯರಗಟ್ಟಿಯಲ್ಲೋ ಲೋಕಾಪುರದಲ್ಲೋ ನಿಲ್ಲಿಸಿ, ಎತ್ತಿಕೊಂಡು ಹಾಲು ಕುಡಿಸಿ ಮುಂದೆ ಹೋಗಬಹುದು. ಹಾಲು ಕುಡಿಸಬೇಕೆಂದರೆ ಗಾಡಿ ನಿಲ್ಲಬೇಕು, ಇದರಲ್ಲಿ ರಿಯಾಯಿತಿ ಇಲ್ಲ.

ವಿಜಯಪುರ, ಬಾಗಲಕೋಟೆಯ ಬೇಸಿಗೆ ಬೇರೆಯೇ ಸಮಸ್ಯೆ. 40 ಡಿಗ್ರಿ ದಾಟಿದ ಮಧ್ಯಾಹ್ನ ಬಿಸಿಲಿಗೆ ನಿಂತ ಕಾರಿನ ಬಕಲ್ ಮಗುವಿನ ತೊಡೆ ಸುಡುತ್ತದೆ. ಒಮ್ಮೆ ಸುಟ್ಟುಕೊಂಡ ಮಗು ಮತ್ತೆ ಆ ಸೀಟಿನ ಹತ್ತಿರ ಬರುವುದಿಲ್ಲ. ಗಾಡಿ ನಿಲ್ಲಿಸಿದಾಗ ಸೀಟಿನ ಮೇಲೆ ಬಿಳಿ ಪಂಚೆ ಹೊದಿಸಿ, ಕೂಡಿಸುವ ಮೊದಲು ಕಬ್ಬಿಣದ ಭಾಗಕ್ಕೆ ಅಂಗೈ ಇಟ್ಟು ನೋಡಿ. ಮುಚ್ಚಿದ ಕಾರಿನಲ್ಲಿ ಮಗುವನ್ನು ಒಂದು ನಿಮಿಷವೂ ಬಿಡಬೇಡಿ. ಮಕ್ಕಳ ಮೈ ದೊಡ್ಡವರಿಗಿಂತ ಮೂರರಿಂದ ಐದು ಪಟ್ಟು ಬೇಗ ಕಾಯುತ್ತದೆ.

ನಾಲ್ಕೈದು ವರ್ಷ ದಾಟಿ ಪಟ್ಟಿಯ ಸೀಟು ಚಿಕ್ಕದಾದ ಮೇಲೆ ಬೂಸ್ಟರ್. ಅದು ಮಗುವನ್ನು ಎತ್ತರಿಸಿ, ಕಾರಿನ ಬೆಲ್ಟ್ ಸೊಂಟದ ಮೂಳೆಗೂ ಭುಜದ ನಡುವಿಗೂ ಬರುವಂತೆ ಮಾಡುತ್ತದೆ. ಮನೆಯ ದಿಂಬು ಈ ಕೆಲಸ ಮಾಡದು. ಜೋರು ಬ್ರೇಕಿಗೆ ದಿಂಬು ಮುಂದೆ ಜಾರಿ, ಮಗು ಬೆಲ್ಟಿನ ಕೆಳಗೆ ನುಸುಳುತ್ತದೆ. ಬೂಸ್ಟರಿಗೆ ಭುಜ, ಸೊಂಟ ಎರಡಕ್ಕೂ ಬರುವ ಮೂರು ಹಿಡಿತದ ಬೆಲ್ಟ್ ಬೇಕು. ಹಳೆಯ ಕಾರುಗಳ ನಡುವಿನ ಸೀಟಿನಲ್ಲಿ ಸೊಂಟದ ಪಟ್ಟಿಯಷ್ಟೇ ಇದ್ದರೆ ಅಲ್ಲಿ ಬೇಡ. ಬೂಸ್ಟರ್ ಬಿಡಿಸುವುದು ಯಾವಾಗ? ಬೆನ್ನು ಪೂರ್ತಿ ಸೀಟಿಗೆ ಒರಗಿದಾಗ ಮೊಣಕಾಲು ಸೀಟಿನ ಅಂಚಿನಲ್ಲಿ ಮಡಚಬೇಕು, ಕೆಳಪಟ್ಟಿ ತೊಡೆಯ ಬುಡಕ್ಕೆ ಕೂರಬೇಕು, ಮೇಲ್ಪಟ್ಟಿ ಕತ್ತಿಗೆ ಉಜ್ಜದೆ ಭುಜದ ನಡುವೆ ಹಾಯಬೇಕು, ಮತ್ತು ದಾರಿಯುದ್ದಕ್ಕೂ ಮಗು ಹಾಗೇ ಕೂರಬೇಕು. ಸಾಮಾನ್ಯವಾಗಿ 145 ಸೆಂ.ಮೀ. ಎತ್ತರದ ಹೊತ್ತಿಗೆ, ಅಂದರೆ 10ರಿಂದ 12 ವರ್ಷಕ್ಕೆ ಇದು ಕೂಡಿಬರುತ್ತದೆ. ಮೇಲ್ಪಟ್ಟಿ ಕತ್ತಿಗೆ ಚುಚ್ಚುತ್ತದೆಂದು ಕಂಕುಳ ಕೆಳಗೆ ಹಾಕಿಕೊಳ್ಳುವ ರೂಢಿ ಇದೆ. ಡಿಕ್ಕಿಯಲ್ಲಿ ಅದು ಪಕ್ಕೆಲುಬು ಮುರಿಯುತ್ತದೆ.

ಈಗ ಕಾರುಗಳ ಸುರಕ್ಷತೆ ಪರೀಕ್ಷಿಸುವ ಭಾರತ್ ಎನ್‌ಕ್ಯಾಪ್ ಕೊಡುವ ನಕ್ಷತ್ರಗಳ ಬಗ್ಗೆ ಎಲ್ಲರೂ ಮಾತಾಡುತ್ತಾರೆ. 2023ರ ಅಕ್ಟೋಬರ್ 1ರಿಂದ ನಡೆಯುತ್ತಿರುವ ಈ ಪರೀಕ್ಷೆಯಲ್ಲಿ ಮಕ್ಕಳ ಸುರಕ್ಷತೆಗೆ 49 ಅಂಕ. ಒಂದೂವರೆ ಮತ್ತು ಮೂರು ವರ್ಷದ ಮಕ್ಕಳ ಅಳತೆಯ ಗೊಂಬೆಗಳನ್ನು ಮಕ್ಕಳ ಸೀಟಿನಲ್ಲಿ ಕಟ್ಟಿ ಗಾಡಿ ಡಿಕ್ಕಿ ಹೊಡೆಸಿ ಕೊಟ್ಟ ಅಂಕವೂ ಅದರಲ್ಲಿ ಸೇರಿದೆ. ಐದು ನಕ್ಷತ್ರದ ಕಾರು ಕೊಂಡು ಮಗುವನ್ನು ತೊಡೆ ಮೇಲೆ ಕೂಡಿಸಿದರೆ ಆ ಅಂಕ ನಿಮ್ಮ ಮಗುವಿಗೆ ಸೇರಿದ್ದಲ್ಲ.

ಸೀಟಿದ್ದರೂ ಮಗು ಕೂರುವುದಿಲ್ಲ ಎನ್ನುವುದೇ ದೊಡ್ಡ ದೂರು. ಮೊದಲ ಪ್ರಯಾಣದಿಂದಲೇ ಶುರುಮಾಡಿದರೆ ಈ ಜಗಳ ಅರ್ಧ ಕಡಿಮೆಯಾಗುತ್ತದೆ, ಬೇರೆ ಜಾಗ ಇದೆಯೆಂದೇ ಮಗುವಿಗೆ ಗೊತ್ತಿರುವುದಿಲ್ಲ. ತಡವಾಗಿ ಶುರುಮಾಡುವವರು ಸೀಟನ್ನು ನಾಲ್ಕು ದಿನ ಮನೆಯೊಳಗೇ ಇಡಿ. ಮಗು ಅದರಲ್ಲಿ ಕೂತು ಆಡಲಿ, ಗೊಂಬೆಗೆ ಬೆಲ್ಟ್ ಹಾಕಲಿ. ಆಮೇಲೆ ಓಣಿಯೊಳಗೆ ಐದು ನಿಮಿಷದ ಸುತ್ತು. ಮೊದಲ ಸಲವೇ ಮೂರು ತಾಸಿನ ದಾರಿಗೆ ಕಟ್ಟಿ ಕೂಡಿಸಿದರೆ ಸೀಟಿನ ಮೇಲೆ ದ್ವೇಷ ಹುಟ್ಟುತ್ತದೆ. ಆಯ್ಕೆ ಕೊಡಬೇಕೆನಿಸಿದರೆ ‘ಯಾವ ಕೈ ಮೊದಲು ಹಾಕೂಣು?’ ಎಂದು ಕೇಳಿ. ‘ಬೆಲ್ಟ್ ಹಾಕ್ಲ್ಯಾ?’ ಎಂದು ಕೇಳಬೇಡಿ, ಬೇಡ ಎಂಬ ಉತ್ತರ ಬಂದಮೇಲೆ ನೀವು ಸೋತಂತೆ. ಬೆನ್ನು ಬಿಲ್ಲಿನಂತೆ ಬಾಗಿಸಿ ಸೆಟೆದುಕೊಳ್ಳುವ ಮಗುವನ್ನು ಒತ್ತಬೇಡಿ. ಹೊಟ್ಟೆಗೆ ಕಚಗುಳಿ ಇಟ್ಟರೆ ಸೊಂಟ ತಾನಾಗಿ ಮಡಚುತ್ತದೆ, ಆ ಗಳಿಗೆಯಲ್ಲಿ ಹಿಂದಕ್ಕೆ ಸರಿಸಿ ಕೆಳಗಿನ ಬಕಲ್ ಹಾಕಿ. ದಾರಿಯಲ್ಲಿ ತೋಳು ಬಿಡಿಸಿಕೊಳ್ಳುವ ಮಗುವಿದ್ದರೆ ಬೈಯುವ ಮೊದಲು ಪಟ್ಟಿ ನೋಡಿ. ಬಹುತೇಕ ಅದು ಸಡಿಲಿರುತ್ತದೆ, ಇಲ್ಲವೇ ತೂತಿನ ಎತ್ತರ ತಪ್ಪಿರುತ್ತದೆ. ಪಟ್ಟಿ ಸರಿಯಿದ್ದೂ ಬಿಚ್ಚಿಕೊಂಡರೆ, ಕೂಗಾಡದೆ ಗಾಡಿಯನ್ನು ಭದ್ರವಾದ ಜಾಗದಲ್ಲಿ ಪಕ್ಕಕ್ಕೆ ನಿಲ್ಲಿಸಿ. ಬೆಲ್ಟ್ ಬಿದ್ದರೆ ಗಾಡಿ ಹೊರಡುತ್ತದೆ, ಬಿಚ್ಚಿದರೆ ನಿಲ್ಲುತ್ತದೆ. ಇದು ಪ್ರತಿ ಸಲವೂ ಹಾಗೇ ಆದರೆ ಮಗು ಬೇಗ ಕಲಿಯುತ್ತದೆ. ಒಮ್ಮೆ ಬಿಟ್ಟುಕೊಟ್ಟರೆ ಮೊದಲಿಗೆ ಬಂದಿರಿ.

‘ಪೊಲೀಸ್ ಹಿಡೀತಾನ’ ಎಂದು ಹೆದರಿಸುವುದು ನಮಗೆ ಸರಿ ಕಾಣುವುದಿಲ್ಲ. ಬೆಲ್ಟ್ ಇರುವುದು ಪೊಲೀಸರಿಗಾಗಿ ಎಂದು ಮಗು ಕಲಿಯುತ್ತದೆ, ಟೋಲ್ ದಾಟಿದ ಕೂಡಲೇ ಅಪ್ಪ ಬಿಚ್ಚುವುದನ್ನೂ ಅದು ನೋಡುತ್ತಿರುತ್ತದೆ. ಬೆಲ್ಟ್ ಹಾಕದೆ ಅಲಾರಾಂ ಸದ್ದು ನಿಲ್ಲಿಸುವ ಕ್ಲಿಪ್‌ಗಳನ್ನು ಮಾರದಂತೆ 2023ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಐದು ಆನ್‌ಲೈನ್ ಮಾರಾಟ ಸಂಸ್ಥೆಗಳಿಗೆ ಆದೇಶಿಸಿತು. ಮನೆಯ ಕಾರಿನಲ್ಲಿ ಅದಿದ್ದರೆ ಇವತ್ತೇ ಕಿತ್ತುಹಾಕಿ. ಅಜ್ಜ ಅಜ್ಜಿಯರೊಡನೆ ಮಾತು ಹೊರಡುವ ಮೊದಲೇ ಆಗಬೇಕು. ‘ಕೂಸು ಅಳಾಕತ್ತೈತಿ, ಬಿಚ್ಚ್ರಿ’ ಎಂಬ ಮಾತು ಬಂದಾಗ ಗಾಡಿ ಓಡಿಸುವವರ ಉತ್ತರ ಒಂದೇ: ನಿಲ್ಲಿಸುತ್ತೇನೆ, ಎತ್ತಿಕೊಳ್ಳಿ, ಸಮಾಧಾನವಾದ ಮೇಲೆ ಕಟ್ಟಿ ಹೋಗೋಣ. ಹಿಂದೆ ಕೂತ ದೊಡ್ಡವರ ಬೆಲ್ಟೂ ಬೀಳಬೇಕು, ಡಿಕ್ಕಿಯಲ್ಲಿ ಅವರ ಮೈ ಪಕ್ಕದ ಮಗುವಿನ ಮೇಲೆ ಬೀಳುತ್ತದೆ. ಹಿಂದಿನ ಗಾಜಿನ ಬುಡದ ಹಲಗೆಯ ಮೇಲೆ ತೆಂಗಿನಕಾಯಿ, ನೀರಿನ ಬಾಟಲಿ ಇಡುವುದನ್ನೂ ಬಿಡಿ.

ಸಭೆಯ ಪ್ರಶ್ನೆಗಳು

ಕ್ರೂಸರ್, ಶಾಲೆಯ ವ್ಯಾನಿನಲ್ಲಿ ಏನು ಮಾಡುವುದು? ಪಕ್ಕಕ್ಕೆ ಮುಖ ಮಾಡಿದ ಬೆಂಚಿನ ಮೇಲೆ ಮಕ್ಕಳ ಸೀಟು ಕಟ್ಟಲಾಗದು. ಮುಂದೆ ಮುಖ ಮಾಡಿದ, ಬೆಲ್ಟ್ ಇರುವ ನಡುಸಾಲನ್ನು ಮಕ್ಕಳಿಗೆ ಬಿಟ್ಟುಕೊಡಿ, ದೊಡ್ಡವರು ಬೆಂಚಿಗೆ ಹೋಗಲಿ. ಒಂದು ಬೆಲ್ಟಿಗೆ ಒಂದೇ ಮಗು. ಬಾಡಿಗೆ ಕಾರು ಗೊತ್ತು ಮಾಡುವಾಗ ಹಿಂದಿನ ಬಕಲ್‌ಗಳು ಕವರಿನ ಕೆಳಗೆ ಹೂತುಹೋಗಿಲ್ಲ ತಾನೇ ಎಂದು ಫೋನಿನಲ್ಲೇ ಕೇಳಿ.

ಕಾರೇ ಇಲ್ಲ, ಸ್ಕೂಟರ್ ಇದೆ. ಇದು ಬಹಳ ಜನರ ಪ್ರಶ್ನೆ. 2022ರ ಫೆಬ್ರುವರಿಯಲ್ಲಿ ಹೊರಟು ಒಂದು ವರ್ಷದ ಬಳಿಕ ಜಾರಿಯಾದ ಕೇಂದ್ರ ನಿಯಮದಂತೆ, ನಾಲ್ಕು ವರ್ಷದೊಳಗಿನ ಮಗುವನ್ನು ಕರೆದೊಯ್ಯುವಾಗ ಮಗುವನ್ನು ಚಾಲಕರಿಗೆ ಕಟ್ಟುವ ಹಾರ್ನೆಸ್ (ಪಟ್ಟಿಗಳಿರುವ ಜಾಕೆಟ್) ಬೇಕು, ವೇಗ 40 ಕಿ.ಮೀ. ಮೀರಬಾರದು. 9 ತಿಂಗಳಿನಿಂದ 4 ವರ್ಷದ ಮಗುವಿಗೆ ತಲೆಗೆ ಹೊಂದುವ ಹೆಲ್ಮೆಟ್ ಇರಬೇಕು. ಹಾರ್ನೆಸ್ 30 ಕಿಲೋ ತಡೆಯುವಂಥದ್ದಾಗಿರಬೇಕು. ಮಗುವಿನ ಜಾಕೆಟ್ಟಿನ ಪಟ್ಟಿಗಳನ್ನು ಚಾಲಕರು ಭುಜಕ್ಕೆ ಹಾಕಿಕೊಳ್ಳುತ್ತಾರೆ, ಮಗು ಅವರ ಹಿಂದೆ ಕೂರುತ್ತದೆ. ಸ್ಕೂಟರಿನ ಮುಂದೆ ಕಾಲಿಡುವ ಜಾಗದಲ್ಲಿ ಮಗುವನ್ನು ನಿಲ್ಲಿಸಿದರೆ ಬ್ರೇಕಿಗೆ ಅದರ ಮುಖ ಹ್ಯಾಂಡಲಿಗೆ ಬಡಿಯುತ್ತದೆ. ನಾಲ್ಕು ದಾಟಿದ ಮಗುವಿಗೆ ದೊಡ್ಡವರಂತೆಯೇ ಹೆಲ್ಮೆಟ್ ಕಡ್ಡಾಯ.

ಅಣ್ಣನ ಮನೆಯ ಹಳೆಯ ಸೀಟು ಬಳಸಬಹುದೇ? ಅದರ ಪೂರ್ತಿ ಇತಿಹಾಸ ಗೊತ್ತಿದ್ದರೆ ಬಳಸಬಹುದು. ಒಂದು ದೊಡ್ಡ ಡಿಕ್ಕಿ ಕಂಡ ಸೀಟಿನ ಪ್ಲಾಸ್ಟಿಕ್ಕಿನಲ್ಲಿ ಕಣ್ಣಿಗೆ ಕಾಣದ ಸೀಳು ಇರಬಹುದು, ಅದು ಬೇಡ. ಬೆನ್ನ ಹಿಂದಿನ ಅಥವಾ ತಳದ ಚೀಟಿಯಲ್ಲಿ ತಯಾರಾದ ದಿನ, ಬಳಕೆಯ ಗಡುವು ಇರುತ್ತದೆ. ಚೀಟಿ ಹರಿದಿದ್ದರೆ, ಕೈಪಿಡಿ ಸಿಗದಿದ್ದರೆ, ಬಕಲ್ ಒಂದೇ ಸಲಕ್ಕೆ ಕಚ್ಚದಿದ್ದರೆ ಬಿಟ್ಟುಬಿಡಿ. ಪಟ್ಟಿಗಳನ್ನು ವಾಷಿಂಗ್ ಮಷಿನ್ನಿಗೆ ಹಾಕಬೇಡಿ, ನೂಲಿನ ಬಲ ಕುಗ್ಗುತ್ತದೆ, ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ಬಳಸಲು ಬಾರದ ಸೀಟನ್ನು ಗುಜರಿಗೆ ಹಾಕುವಾಗ ಪಟ್ಟಿಗಳನ್ನೆಲ್ಲ ಕತ್ತರಿಸಿ, ಮೇಲೆ ದಪ್ಪ ಅಕ್ಷರದಲ್ಲಿ ‘ಬಳಸಬೇಡಿ’ ಎಂದು ಬರೆದು ಕೊಡಿ. ಇಲ್ಲದಿದ್ದರೆ ಅದು ಇನ್ನೊಂದು ಮಗುವಿನ ಕಾರಿಗೆ ಹೋಗುತ್ತದೆ.